ನೂರಾ ಹನ್ನೆರಡು ಮೀಟರಿನ ಬಾಗಿಲು

ಗ್ರಾಮ ಪಂಚಾಯಿತಿ ಅಧ್ಯಕ್ಷರು ಸಭೆಯಲ್ಲಿ ನಗಬಾರದು ಎಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಆದರೂ ನಗದೆ ಇರಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಸಾಧ್ಯವಾಗಿಲ್ಲ. ಚರಂಡಿ ಇರಲಿ, ಬೀದಿ ದೀಪ ಇರಲಿ, ನಮ್ಮೂರಿನಲ್ಲಿ ಯಾವ ವಿಷಯ ಕೈಗೆತ್ತಿಕೊಂಡರೂ ಅದು ಎಲ್ಲೋ ಒಂದು ಕಡೆ ಹಳಿ ತಪ್ಪುತ್ತದೆ. ಹೋದ ವರ್ಷ ಬಂದ ಬಾರ್ ಅರ್ಜಿಯಂತೂ ಹಳಿಯ ಮೇಲೆ ನಿಂತದ್ದೇ ಇಲ್ಲ.

ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರುಗಳು ಉಗುರು, ರಿಬ್ಬನ್ನು, ಕೈಬರಹ ಮೂರನ್ನೂ ದಿನಾ ಪರೀಕ್ಷಿಸುತ್ತಿದ್ದರು. ತವರು ಅಫಜಲಪುರ. ಆಳಂದ ತಾಲ್ಲೂಕಿಗೆ ಸೊಸೆಯಾಗಿ ಬಂದು, ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿ, ನಿವೃತ್ತಳಾದ ಮೇಲೆ ಪಂಚಾಯಿತಿಗೆ ಆರಿಸಿ ಬಂದೆ. ಊರಿನವರು ಈಗಲೂ "ಅಕ್ಕೋರ" ಎಂದೇ ಕರೆಯುತ್ತಾರೆ. ಅಧ್ಯಕ್ಷಳಾದ ಮೊದಲ ದಿನವೇ ಮೇಜಿನ ಮೇಲೆ ಶಾಲೆಯ ಗಂಟೆ ತಂದಿಟ್ಟೆ.

ಒಂದು: ಬೆಂಬಲದ ಸಹಿಗಳು

ಆಳಂದದಿಂದ ಖಜೂರಿ ಕಡೆ ಹೋಗುವ ರಸ್ತೆಗೆ ಹೊಂದಿಕೊಂಡು ನಮ್ಮೂರಿನಲ್ಲಿ ಒಂದು ಖಾನಾವಳಿ ಇದೆ. ನಡೆಸುವವಳು ಒಬ್ಬ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಹದಿನೈದು ವರ್ಷದಿಂದ ಅದೇ ಅವಳ ಅನ್ನ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಲಾರಿಯವರು ಗಡಿ ದಾಟುವ ಮೊದಲು ಅಲ್ಲಿ ಉಂಡೇ ಹೋಗುತ್ತಾರೆ. ಪ್ರತಿ ಗುರುವಾರ ನಾನೂ ಅಲ್ಲೇ ಉಣ್ಣುತ್ತಿದ್ದೆ.

ಕಟ್ಟಡ ಮಾತ್ರ ಅವಳದಲ್ಲ, ನಮ್ಮೂರಿನ ಸಾವಕಾರರದು. ಅವರ ಮನೆ ಅದರ ಹಿಂದಿನ ಓಣಿಯಲ್ಲೇ ಇದೆ. ಖಾನಾವಳಿ ಬಿಡಿಸಿ ಅಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಮಾಡಬೇಕೆಂದು ಅವರಿಗೆ ಆಸೆ ಹುಟ್ಟಿತು. ಪರವಾನಗಿ ಕೊಡುವುದು ಅಬಕಾರಿ ಇಲಾಖೆ. ಆದರೆ ಅದಕ್ಕೆ ಮೊದಲು ಪಂಚಾಯಿತಿಯಿಂದ "ನಮ್ಮ ತಕರಾರಿಲ್ಲ" ಎಂಬ ಪತ್ರ ಬೇಕು. ಪತ್ರ ಸಿಕ್ಕರೆ ಆ ಹೆಣ್ಣುಮಗಳು ಒಲೆ ಎತ್ತಬೇಕು. ಅರ್ಜಿ ಬಂದ ದಿನದಿಂದ ನಾನು ಅಲ್ಲಿ ಉಣ್ಣುವುದನ್ನು ನಿಲ್ಲಿಸಿದೆ. ವಿಚಾರಣೆಯಲ್ಲಿರುವ ರೊಟ್ಟಿಯನ್ನು ಅಧ್ಯಕ್ಷರು ತಿನ್ನುವುದು ನಿಯಮಕ್ಕೆ ಸರಿಯಲ್ಲ.

ಅರ್ಜಿಯ ಜೊತೆ ಸಾವಕಾರರು ಒಂದು ಭಾಷಣವನ್ನೂ ತಂದಿದ್ದರು.

"ಅಕ್ಕೋರ, ನಮ್ಮ ಮಂದಿ ದಿನಾ ಗಡಿ ದಾಟಿ ಮಹಾರಾಷ್ಟ್ರಕ್ಕ ಹೋಗಿ ಕುಡ್ದು ಬರಾಕತ್ತಾರ. ಕನ್ನಡ ನಾಡಿನ ತೆರಿಗಿ ಅಲ್ಲಿಗಿ ಹೋಗ್ತದ. ನಾಡಿನ ಅಭಿಮಾನ ಇದ್ದವರು ಇದನ್ನ ಹ್ಯಾಂಗ ನೋಡ್ಕೊಂತ ಕೂಡ್ಬೇಕ್ರಿ?"

"ಹಾಗೆ ಹೋಗುವವರು ಎಷ್ಟು ಜನ?" ಎಂದೆ.

"ಪುರಾವೆ ತಂದೇನ್ರಿ" ಎಂದು ಮೂವತ್ತೊಂದು ಸಹಿಗಳ ಪಟ್ಟಿ ಮುಂದಿಟ್ಟರು. "ಗಡಿ ದಾಟಿ ಹೋಗಿ ತೊಂದರೆಪಡುತ್ತಿರುವ ನಾವು" ಎಂದು ಮೇಲೆ ಬರೆದಿತ್ತು. ಎರಡನೆಯ ಸಹಿ ನಮ್ಮ ಉಪಾಧ್ಯಕ್ಷರದು. ಬಸವ ಜಯಂತಿಯ ದಿನ ವ್ಯಸನಮುಕ್ತಿಯ ಪ್ರಮಾಣವಚನ ಬೋಧಿಸಿದವರೇ ಅವರು.

ಅರ್ಜಿಗೆ ಲಗತ್ತಿಸಿದ್ದೆಲ್ಲ ಸಾರ್ವಜನಿಕ ದಾಖಲೆ. ಆಕ್ಷೇಪಣೆ ಕರೆಯುವಾಗ ಸೂಚನಾ ಫಲಕಕ್ಕೆ ಹಚ್ಚಬೇಕು. ನಮ್ಮ ಪಿಡಿಓ ಜೇವರ್ಗಿ ಕಡೆಯವರು, ಮೆತ್ತಗಿನ ಮನುಷ್ಯ. "ಪಟ್ಟಿನೂ ಹಚ್ಚಬೇಕೇನ್ರಿ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ ಹೌದು ಎಂದೆ.

ಬೆಳಿಗ್ಗೆ ಹತ್ತಕ್ಕೆ ಹಚ್ಚಿದೆವು. ಸಂಜೆ ಐದರೊಳಗೆ ಮೂವತ್ತೊಂದು ಜನರೂ ಸಹಿ ಹಿಂತೆಗೆದುಕೊಂಡ ಅರ್ಜಿಗಳು ಬಂದವು. ಕೈಬರಹ ನೋಡುವುದು ನನ್ನ ಹಳೆಯ ಚಾಳಿ. ಮೂವತ್ತೊಂದೂ ಹೆಂಗಸರ ಕೈಬರಹ.

ಎರಡು: ಹಾಜರಿ

ಸಹಿ ಹೋದರೂ ಅರ್ಜಿ ಹೋಗುವುದಿಲ್ಲ. ಸಭೆ ಕರೆದೆ.

ನಮ್ಮಲ್ಲಿ ಮಹಿಳಾ ಸದಸ್ಯರು ಐವರು. ಅವರ ಬದಲಿಗೆ ಗಂಡಂದಿರು ಬಂದು ಕುರ್ಚಿಯಲ್ಲಿ ಕೂರುವುದು ಹಿಂದಿನಿಂದ ನಡೆದು ಬಂದ ಪದ್ಧತಿ. ಐವರು ಗಂಡಂದಿರೂ ಸಾವಕಾರರಿಗೆ ಮಾತು ಕೊಟ್ಟಾಗಿದೆ ಎಂದು ನನಗೆ ಗೊತ್ತಿತ್ತು. ಗಂಟೆ ಬಾರಿಸಿ, ರಿಜಿಸ್ಟರು ತೆಗೆದು, ಹೆಸರು ಹಿಡಿದು ಹಾಜರಿ ಕರೆದೆ. ಮೊದಲನೆಯ ಸದಸ್ಯೆಯ ಹೆಸರು ಕೂಗಿದಾಗ ಒಬ್ಬ ಮೀಸೆಯವರು ಎದ್ದು ನಿಂತು "ಹಾಜರ್ ಅದೀನ್ರಿ" ಎಂದರು.

ರಿಜಿಸ್ಟರನ್ನು ತಿರುಗಿಸಿ ತೋರಿಸಿದೆ. "ಇಲ್ಲಿ ಫೋಟೋದಲ್ಲಿ ಸೀರೆ ಉಟ್ಟು, ಮೂಗುತಿ ಹಾಕಿದ್ದೀರಿ. ಇವತ್ತೇಕೆ ಹೀಗೆ ಬಂದಿರಿ?"

ಸಭೆಯೆಲ್ಲ ನಕ್ಕಿತು. ಅವರು ತಲೆ ಕೆರೆದುಕೊಂಡರು. "ಅಕಿ ರೊಟ್ಟಿ ಬಡ್ಯಾಕತ್ತಾಳ್ರಿ ಅಕ್ಕೋರ. ಅಕಿ ಬದಲಿ ನಾ ಬಂದೇನಿ."

"ಬದಲಿ ಎಂದ ಮೇಲೆ ಎರಡೂ ಕಡೆ ನಡೆಯಬೇಕು. ನೀವು ಹೋಗಿ ರೊಟ್ಟಿ ಬಡಿಯಿರಿ, ಅವರನ್ನು ಕಳಿಸಿ."

ಅವರ ಹಿಂದೆ ಉಳಿದ ನಾಲ್ವರೂ ಎದ್ದರು. ಕಾಲು ಗಂಟೆಯಲ್ಲಿ ಐವರು ಸದಸ್ಯೆಯರೂ ಬಂದರು, ಒಬ್ಬಳ ಮೊಣಕೈವರೆಗೆ ಇನ್ನೂ ಹಿಟ್ಟಿತ್ತು. ಅವಳೇ ಮೊದಲು ಮಾತೆತ್ತಿದಳು.

"ಖಾನಾವಳಿ ಇರ್ಲಿ ಅಂತೀನ್ರಿ ನಾ. ನಾವು ಹೊಲಕ್ಕ ಹೋದ್ ದಿನ ನಮ್ಮ ಮನಿಯವ್ರು ಉಣ್ಣೋದೇ ಅಲ್ಲಿ."

ಇರಲಿ ಎನ್ನುವ ಇಷ್ಟ ಬೇರೆ, ಕಾಯ್ದೆ ಬೇರೆ. ಗುಡಿಯಿಂದ ನೂರು ಮೀಟರಿನೊಳಗೆ ಬಾರ್ ಇರಬಾರದು ಎನ್ನುತ್ತದೆ ಕಾಯ್ದೆ. ಅಷ್ಟು ದೂರ ಇದೆಯೋ ಇಲ್ಲವೋ ಅಳೆದು ನೋಡಿ, ಅದರಂತೆ ನಡೆಯುವುದು ಎಂದು ಠರಾವಾಯಿತು. ಅಷ್ಟರಲ್ಲಿ ಮೀಸೆಯವರು ಬಾಗಿಲಲ್ಲಿ ಮತ್ತೆ ಕಾಣಿಸಿಕೊಂಡರು. ಅಂಗಿಯೆಲ್ಲ ಹಿಟ್ಟು.

"ಅಕ್ಕೋರ, ಮೀಟಿಂಗ್ ಲಗೂನ ಮುಗಸ್ರಿ. ನಾ ಬಡದ ರೊಟ್ಟಿ ನೋಡಿ ನಮ್ಮವ್ವ ಅಳಾಕತ್ತಾಳ."

ಮೂರು: ಹನುಮಪ್ಪನ ಸ್ಥಳಾಂತರ

ಖಾನಾವಳಿಯ ಎದುರು ಕಡೆ ಹನುಮಪ್ಪನ ಗುಡಿ. ಗುಡಿಯ ಬಾಗಿಲಿನಿಂದ ಖಾನಾವಳಿಯ ಬಾಗಿಲಿನವರೆಗೆ, ಮನುಷ್ಯ ನಡೆದು ಹೋಗುವ ದಾರಿಯಲ್ಲೇ ಅಳೆಯಬೇಕು. ಟೇಪಿನ ಒಂದು ತುದಿ ಪಿಡಿಓ ಹಿಡಿದರು, ಇನ್ನೊಂದು ತುದಿ ನಾನೇ ಹಿಡಿದೆ. ಎಪ್ಪತ್ನಾಲ್ಕು ಮೀಟರ್ ಬಂತು.

ಖಾನಾವಳಿಯವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಸಾವಕಾರರು ನಗಲಿಲ್ಲ. ಗುಡಿಯ ಸುತ್ತ ಒಂದು ಸುತ್ತು ಬಂದರು. ನಮಸ್ಕಾರಕ್ಕೆ ಎಂದುಕೊಂಡೆ. ಅವರು ಹೆಜ್ಜೆ ಎಣಿಸುತ್ತಿದ್ದರು.

"ಅಕ್ಕೋರ, ದೇವರನ್ನ ಒಂದೀಟು ಆ ಕಡಿ ಸರಸೋಣೇನ್ರಿ? ಬೇವಿನ ಗಿಡದ ಬಲ್ಲಿ ಹೊಸ ಗುಡಿ ಕಟ್ಟಸ್ತೇನಿ, ಮಾರ್ಬಲ್ ಹಾಕಸ್ತೇನಿ."

ಪೂಜಾರಿ ಕೂಡಲೇ ಕೇಳಿದರು: "ಫ್ಯಾನ್ ಕೂಡಸ್ತೀರೇನ್ರಿ ಸಾವಕಾರ್ರ?"

"ಎರಡು ಕೂಡಸ್ತೇನಿ."

ಮಾತು ಸಿಂಟೆಕ್ಸ್ ಟ್ಯಾಂಕಿನವರೆಗೆ ಹೋದಾಗ ನಾನು ನಡುವೆ ಬಂದೆ. "ಆಗಲಿ. ಆದರೆ ಜಾಗ ಬಿಡುವವರ ಒಪ್ಪಿಗೆ ಲಿಖಿತದಲ್ಲಿರಬೇಕು. ಹನುಮಪ್ಪನ ಸಹಿ ಮಾಡಿಸಿಕೊಂಡು ಬನ್ನಿ."

ಪೂಜಾರಿ ಬಹಳ ಯೋಚಿಸಿ, "ಅವ್ರ ಬದಲಿ ನಾ ಮಾಡಿದ್ರ ನಡೀತದೇನ್ರಿ?" ಎಂದರು.

ಬದಲಿಯವರ ಗತಿ ಏನಾಗುತ್ತದೆಂದು ಹಿಂದಿನ ಸಭೆಯಲ್ಲಿ ತೀರ್ಮಾನವಾಗಿದೆ ಎಂದು ಹೇಳಿ ಟೇಪು ಸುತ್ತಿದೆ.

ನಾಲ್ಕು: ಕೆಂಪು ಶಾಯಿ

ಎಂಟು ದಿನದ ಮೇಲೆ ಸಾವಕಾರರು ನಗುತ್ತಾ ಬಂದರು. ದೇವರು ಸರಿಯದಿದ್ದರೆ ಬಾಗಿಲು ಸರಿಯಬಹುದಲ್ಲ? ರಸ್ತೆ ಕಡೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ, ಹಿಂದಿನ ಓಣಿಗೆ ಹೊಸ ಬಾಗಿಲು ಇಡಿಸಿದ್ದರು. ಹೋಗಿ ನೋಡಿದೆ. ಮೂರು ಲಾರಿಯವರು ಹೊಸ ಗೋಡೆಯನ್ನು ತಟ್ಟುತ್ತಾ "ಅಕ್ಕಾ, ರೊಟ್ಟಿ" ಎನ್ನುತ್ತಿದ್ದರು. ಖಾನಾವಳಿಯವಳು ಕಿಟಕಿಯ ಸರಳುಗಳ ನಡುವೆ ರೊಟ್ಟಿ ಸುರುಳಿ ಸುತ್ತಿ ಕೊಡುತ್ತಿದ್ದಳು.

ಮತ್ತೆ ಟೇಪು ಹಿಡಿದೆವು. ರಸ್ತೆ ಬಳಸಿ, ಮೂಲೆ ತಿರುಗಿ, ಓಣಿ ಹೊಕ್ಕು ಹೊಸ ಬಾಗಿಲಿಗೆ ಬಂದಾಗ ನೂರಾ ಹನ್ನೆರಡು ಮೀಟರ್.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಕಾಯ್ದೆಯಂತೆ ನಡೆಯುತ್ತೇನೆ ಎಂದು ಊರಿಗೆಲ್ಲ ಹೇಳಿದವಳು ನಾನೇ. ಮರುದಿನ ಪತ್ರ ಬರೆಯಲು ಕೂತಾಗ ಖಾನಾವಳಿಯವಳು ಬಂದಳು. ಅಳುತ್ತಾಳೆ ಎಂದುಕೊಂಡು ನನ್ನ ಕರವಸ್ತ್ರ ತೆಗೆದಿಟ್ಟಿದ್ದೆ.

"ಅಕ್ಕೋರ, ಕಾಯ್ದೆ ಬಿಡಬ್ಯಾಡ್ರಿ" ಎಂದಳು. "ಪತ್ರ ಕೊಡ್ರಿ. ಖರೆ, ಒಂದು ಮಾತು ಬರೀರಿ. ಆ ಹಿಂದಿನ ಬಾಗಿಲಾ ಬಿಟ್ಟು ಬ್ಯಾರೆ ಯಾವ ಬಾಗಿಲಾನೂ ತೆಗಿಬಾರದು ಅಂತ. ಗಿರಾಕಿ ಬರೋದೂ ಅಲ್ಲಿಂದ, ಹೋಗೋದೂ ಅಲ್ಲಿಂದ."

"ಅದು ಹೇಗೂ ಬರೆಯುತ್ತಿದ್ದೆ. ಅಳತೆ ಆ ಬಾಗಿಲಿನದೇ ತಾನೆ?"

"ದಪ್ಪ ಅಕ್ಷರದಾಗ ಬರೀರಿ."

ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದೆ. ಅವಳು ಓದಿಸಿ ಕೇಳಿ, ನಕ್ಕು, "ಹದಿನೈದು ವರ್ಷದಿಂದ ನನ್ನ ಒಲಿ ಹಿಂದಿನ ಕಿಡಕಿ ಬಲ್ಲೇ ಅದ ರೀ, ಓಣಿ ನನಗ ಗೊತ್ತದ" ಎಂದು ಹೊರಟುಹೋದಳು. ನನಗೇನೂ ತಿಳಿಯಲಿಲ್ಲ. ಕರವಸ್ತ್ರ ಮಡಚಿ ಒಳಗಿಟ್ಟೆ.

ಐದು: ಆಯಿಯ ಕಟ್ಟೆ

ಹೊಸ ಬಾಗಿಲು ಹನುಮಪ್ಪನಿಂದ ನೂರಾ ಹನ್ನೆರಡು ಮೀಟರ್ ದೂರ ಹೋಗಿತ್ತು, ನಿಜ. ಸಾವಕಾರರ ಸ್ವಂತ ಮನೆಯ ಕಟ್ಟೆಯಿಂದ ಅದು ಆರು ಹೆಜ್ಜೆ. ಆ ಕಟ್ಟೆಯ ಮೇಲೆ ಬೆಳಗಿನಿಂದ ರಾತ್ರಿ ಮಲಗುವವರೆಗೆ ಸಾವಕಾರರ ತಾಯಿ ಕೂತಿರುತ್ತಾರೆ. ಊರಿಗೆಲ್ಲ ಅವರು ಆಯಿ. ಎಂಬತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ, ಮುಂದೆ ಮೊರದಲ್ಲಿ ತೊಗರಿ. ಊರಿನ ಅರ್ಧ ಮಂದಿಗೆ ಹುಟ್ಟಿದಾಗ ಎಣ್ಣೆ ನೀರು ಹಾಕಿದ ಕೈ ಅವರದು. ತಾಯಿಯಿಂದ ಎಷ್ಟು ಮೀಟರ್ ದೂರ ಇರಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ, ಹಾಗಾಗಿ ಸಾವಕಾರರು ಅದನ್ನು ಅಳೆದೇ ಇರಲಿಲ್ಲ.

ಪರವಾನಗಿ ಬರುವ ಮೊದಲೇ ಹೊಸ ಹಾಲ್ ತೋರಿಸಲೆಂದು ಅವರು ಖಾಸಾ ಗಿರಾಕಿಗಳನ್ನು ಒಂದು ಸಂಜೆ ಮಿರ್ಚಿ ಭಜಿಗೆ ಕರೆದರು. ನಾನು ಷರತ್ತಿನ ಪಾಲನೆ ಪರಿಶೀಲಿಸಲು ಪಿಡಿಓ ಜೊತೆ ಓಣಿಯ ಮೂಲೆಯಲ್ಲಿ ನಿಂತಿದ್ದೆ. ಮೊದಲು ಬಂದವರು ಉಪಾಧ್ಯಕ್ಷರು, ಗೋಡೆಗೆ ಅಂಟಿಕೊಂಡು.

"ಯಾರ ಮಗನಲೇ ನೀ?" ಎಂದರು ಆಯಿ.

ಉಪಾಧ್ಯಕ್ಷರು ತಂದೆಯ ಹೆಸರು ಹೇಳಲೇಬೇಕಾಯಿತು.

"ಅಯ್ಯ, ನಮ್ಮ ಹುಡಗನ. ನಿಮ್ಮವ್ವನ ಮೊಣಕಾಲ್ ಹ್ಯಾಂಗದ? ಎಲ್ಲಿಗ್ ಹೊಂಟಿ?"

"ಎಲ್ಲಿಗೂ ಇಲ್ಲಬೇ ಆಯಿ. ಸುಮ್ನ, ನಿನ್ನ ನೋಡಿ ಹೋಗ್ಬೇಕಂತ ಬಂದೆ."

"ನೋಡಾಕ ಬಂದಿದ್ರ ಕೂಡು, ನಿಂತ್ಯಾಕ ನೋಡ್ತಿ?" ಎಂದು ಪಕ್ಕದಲ್ಲಿ ಕೂರಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿ, ಮಜ್ಜಿಗೆ ತರಿಸಿ, ಕೈಯಲ್ಲಿ ತೊಗರಿಯ ಮೊರ ಕೊಟ್ಟರು. "ಕಣ್ಣು ಛಲೋ ಅದಾವ ನಿನ್ನವು. ಹಳ್ಳು ಕಲ್ಲು ಆರ್ಸು."

ಎರಡನೆಯವರಿಗೂ ಹಾಗೆಯೇ. ಮೂರನೆಯವರು ನಮ್ಮ ಮೀಸೆಯವರು. ಒಬ್ಬೊಬ್ಬರೂ ಆಯಿಯನ್ನು ನೋಡಲೆಂದೇ ಬಂದವರಾಗಿದ್ದರು. ಸಾವಕಾರರು ಬಾಗಿಲಿಗೆ ಬಂದು ಇಣುಕಿದಾಗ ಕಟ್ಟೆಯ ಮೇಲೆ ಏಳು ಜನ ಖಾಸಾ ಗಿರಾಕಿಗಳು ವಿಭೂತಿ ಧರಿಸಿ, ಸಾಲಾಗಿ ಕೂತು ತೊಗರಿ ಹಸನು ಮಾಡುತ್ತಿದ್ದರು. ಒಳಗೆ ಭಜಿ ತಣ್ಣಗಾಗಿತ್ತು.

"ಯವ್ವಾ, ನೀ ಒಳಗ ಕೂಡಬಾರದೇನು?" ಎಂದರು ಸಾವಕಾರರು.

"ಸೊಸಿಯಾಗಿ ಬಂದಾಗಿಂದ ಇಲ್ಲೇ ಕೂಡಾಕತ್ತೇನಿ. ಬಾಗಿಲಾ ನಿನ್ನೆ ಮೊನ್ನೆ ಬಂದದ. ಬೇಕಾದ್ರ ಅದನ್ನ ಸರಸು."

ಸರಿಸುವಂತಿರಲಿಲ್ಲ. ಕೆಂಪು ಶಾಯಿ.

ಮರುದಿನವೇ ಅರ್ಜಿ ವಾಪಸ್ ಬೇಕೆಂದು ಸಾವಕಾರರ ಪತ್ರ ಬಂತು. ಕಾರಣದ ಜಾಗದಲ್ಲಿ "ಅನಿವಾರ್ಯ" ಎಂದಿತ್ತು. ಅಸ್ಪಷ್ಟ ಉತ್ತರಕ್ಕೆ ನಾನು ಶಾಲೆಯಲ್ಲೂ ಅಂಕ ಕೊಟ್ಟವಳಲ್ಲ. ಹಿಂದಕ್ಕೆ ಕಳಿಸಿದೆ. ಎರಡನೆಯ ಸಲ ಸ್ಪಷ್ಟವಾಗಿ ಬರೆದಿದ್ದರು: "ಬಾಗಿಲದ ಎದುರು ನಮ್ಮವ್ವ ಕುಂತಾಳ." ಪಿಡಿಓ ಮೊಹರು ಹಾಕಿದರು.

ರಸ್ತೆ ಕಡೆಯ ಇಟ್ಟಿಗೆ ಬಿಚ್ಚಿಸಿ, ಓಣಿ ಕಡೆಗೆ ಇಟ್ಟಿಗೆ ಕಟ್ಟಿಸಿ ಸಾವಕಾರರು ಖಾನಾವಳಿಯನ್ನು ಇದ್ದಂತೆಯೇ ಬಿಟ್ಟರು. ಗುರುವಾರ ನಾನು ಹೋಗಿ, ನಾಲ್ಕು ತಿಂಗಳ ಮೇಲೆ, ಮೂರು ರೊಟ್ಟಿ ಉಂಡೆ. ವಿಷಯ ಮುಗಿಯಿತು ಎಂದುಕೊಂಡೆ.

ಮುಂದಿನ ಗ್ರಾಮಸಭೆಗೆ ಆಯಿ ಕೋಲೂರಿಕೊಂಡು ತಾವೇ ಬಂದರು. ನಾನು ಎದ್ದು ಕುರ್ಚಿ ಕೊಟ್ಟೆ. ಊರವರೆಲ್ಲ ಕೈ ಮುಗಿದರು. ಬಾರ್ ತಪ್ಪಿಸಿದ ಹಿರಿಯ ಜೀವ ಎಂದು ಉಪಾಧ್ಯಕ್ಷರು ಶಾಲು ತರಲು ಹೇಳಿದರು. ಆಯಿ ಎಲ್ಲರನ್ನೂ ಸುಮ್ಮನಿರಿಸಿ ನನ್ನ ಕಡೆ ತಿರುಗಿದರು.

"ಅಕ್ಕೋರ, ನನ್ನದೊಂದು ಅರ್ಜಿ ಬರಕೋರಿ. ನಮ್ಮ ಹುಡಗಗ ಆ ಬಾರ್ ಏನದಲ್ಲ, ಕೊಟ್ಟೇ ಬಿಡ್ರಿ."

"ಯಾಕೆ ಆಯಿ?" ಎಂದೆ.

"ಆ ಬಾಗಿಲಾ ಮುಚ್ಚಿದಾಗಿಂದ ಒಬ್ಬನೂ ಬರವಲ್ಲ. ಇನ್ನೂ ಎರಡು ಚೀಲ ತೊಗರಿ ಉಳದಾವ."