ಬಣ್ಣದ ಕೋಣೆಯ ಕೀಲಿಕೈ

ಹಗ್ಗದ ಮೇಲಿನ ಬಟ್ಟೆಗಳನ್ನು ಎಳೆದೆಳೆದು ಕೆಂಚಮ್ಮ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಮಾಗಿಯ ಒಣ ಹವೆಗೆ ಅವಳ ನೈಲಾನ್ ಸೀರೆ ಚಟಚಟ ಎನ್ನುತ್ತಿತ್ತು. ಪಕ್ಕದ ಮನೆಯ ಗಂಗಲಕ್ಷ್ಮಮ್ಮ ನೈಲಾನ್ ಉಟ್ಟಳೆಂದು, ಗಂಡನ ಜೊತೆ ಮೂರು ದಿನ ಮಾತು ಬಿಟ್ಟು ಕೊಡಿಸಿಕೊಂಡ ಸೀರೆ. ಹಗ್ಗ ಮಾತ್ರ ಎರಡೂ ಮನೆಗೆ ಒಂದೇ.

"ಕೆಂಚಕ್ಕ, ಸಾಬ್ರು ಬಂದವ್ರಂತೆ, ಬತ್ತೀಯೋ ಇಲ್ವೋ?" ಗಂಗಲಕ್ಷ್ಮಮ್ಮ ಬೇಲಿಯಾಚೆಯಿಂದ ಕೂಗಿ ಮುಂದೆ ನಡೆದಳು.

ಇಬ್ಬರೂ ದುಡಿಯುವ ಗೊಂಬೆ ಶೆಡ್ಡಿನ ಮಾಲೀಕ ಮೆಹಬೂಬ್ ಸಾಹೇಬರು ಬಣ್ಣದ ಕೋಣೆಯ ಕೀಲಿಕೈಯನ್ನು ಈ ದಿನ ಇವರಿಬ್ಬರಲ್ಲಿ ಒಬ್ಬಳಿಗೆ ಕೊಡುವವರಿದ್ದರು. ಅದು ಗಂಗಲಕ್ಷ್ಮಮ್ಮನ ಸೊಂಟದಲ್ಲಿ ತೂಗಾಡುವುದನ್ನು ನೆನೆದೇ ಕೆಂಚಮ್ಮನ ಹೊಟ್ಟೆಯೊಳಗೆ ಒಲೆ ಹೊತ್ತಿತು. ಬಟ್ಟೆಯನ್ನು ಮಂಚಕ್ಕೆಸೆದು ಮಗಳನ್ನು ಎಳೆದುಕೊಂಡು ಓಡಿದಳು.

"ಅಮ್ಮ, ಒಂದು ಕೇಳ್ಲಾ?" ಹಿಂದಿನಿಂದ ನಿಂಗಿ ಅಂದಳು.

"ಬಾಯ್ಮುಚ್ಕೊಂಡು ಬಾ."

ಶೆಡ್ಡಿನಲ್ಲಿ ಕೆಂಚಮ್ಮ ಗೋಡೆಗೊರಗಿ ಕೂತು ಅರಗು ಬಳಿದ ಮರದ ಕುದುರೆಗೆ ಹೊಳಪು ಕೊಡತೊಡಗಿದಳು. ಗಂಗಲಕ್ಷ್ಮಮ್ಮ ಮುಖ ಚಿಕ್ಕದು ಮಾಡಿಕೊಂಡಿದ್ದಳು. "ನನ್ ನೈಲಾನ್ ಕರ್ಚೀಫು ಕಾಣೆ ಕಣವ್ವ. ನಮ್ಮೋರು ಬೆಂಗ್ಳೂರಿಂದ ತಂದಿದ್ದು. ಹಗ್ಗಕ್ಕೆ ಹಾಕಿದ್ದೆ."

"ಗಾಳಿ ಹೊತ್ಕೊಂಡೋಗಿರ್ತದೆ ಬುಡು," ಅಂದಳು ಮುದುಕಿ ಮಾರಮ್ಮ.

"ಅದೇ ಹಗ್ಗದಾಗೆ ನನ್ ಬಟ್ಟೇನೂ ಇದ್ವಲ್ಲ, ಒಂದೂ ಹಾರ್ಲಿಲ್ಲ," ಎಂದಳು ಕೆಂಚಮ್ಮ, ಸಾಹೇಬರಿಗೆ ಕೇಳುವಂತೆ. "ಒಂದು ಕರ್ಚೀಫ್ ಕಾಯಾಕಾಗ್ದೋರಿಗೆ ಬಣ್ಣದ ಕೋಣೆ ಬೇರೆ."

"ಅಮ್ಮ, ಒಂದು..."

"ಸುಮ್ಕಿರು."

ಗಂಗಲಕ್ಷ್ಮಮ್ಮನ ಗೊಂಬೆಗಿಂತ ತನ್ನದು ಹೆಚ್ಚು ಮಿನುಗಲೆಂದು ಕೆಂಚಮ್ಮ ಹೊಳಪಿಗೆ ಬಳಸುವ ತಾಳೆಗರಿ ಬಿಟ್ಟು ನೈಲಾನ್ ಸೆರಗಿನಲ್ಲೇ ಕುದುರೆಯನ್ನು ಉಜ್ಜಿದಳು. ಸಾಹೇಬರು ಅದನ್ನು ಎತ್ತಿ ನೋಡಿದರೆ ಮೈತುಂಬ ಮರದ ಹೊಟ್ಟು.

"ಇದೇನಮ್ಮ, ಕುದುರೆಗೆ ಕರಡಿ ಕೂದಲು?"

ಕೆಂಚಮ್ಮ ಹೊಟ್ಟನ್ನು ಸೆರಗಿನಿಂದಲೇ ಒರೆಸಹೋದಳು. ನಿಂಗಿಯೇ ಉತ್ತರಿಸಿದಳು. "ಅರಗಿನ ಗೊಂಬೆನ ನೈಲಾನ್‌ಗೆ ಉಜ್ಜಿದ್ರೆ ಒಂದರಿಂದ ಇನ್ನೊಂದಕ್ಕೆ ಚಾರ್ಜು ಹೋಯ್ತದೆ ಸಾಬ್ರೇ. ಆಮೇಲೆ ಹಗುರ ಇರೋದ್ನೆಲ್ಲ ಎಳ್ಕೊಂತದೆ. ಮೇಷ್ಟ್ರು ಬಾಚಣಿಗೇಲಿ ತೋರ್ಸಿದ್ರು."

ಸಾಹೇಬರು ನಕ್ಕರು. "ಶಾಭಾಷ್. ಮಗಳನ್ನ ಚೆನ್ನಾಗಿ ಬೆಳೆಸಿದೀಯ. ಸಾಮಾನು ಜೋಪಾನ ಮಾಡೋರಿಗೇ ಕೀಲಿಕೈ. ಬಾರಮ್ಮ ಕೆಂಚಮ್ಮ."

ಕೆಂಚಮ್ಮ ಎದ್ದು, ಗಂಗಲಕ್ಷ್ಮಮ್ಮನಿಗೊಂದು ನೋಟ ಬಿಸಾಕಿ, ಎಲ್ಲರಿಗೂ ಬೆನ್ನು ಮಾಡಿ ನಡೆದಳು. ಶೆಡ್ಡು ಗಪ್‌ಚಿಪ್ ಆಯಿತು. ಹೊಟ್ಟೆಕಿಚ್ಚು, ಪಾಪ, ಅಂದುಕೊಂಡಳು. ಆ ಸಂತೋಷಕ್ಕೆ ಮಗಳ ಮೇಲೂ ಪ್ರೀತಿ ಉಕ್ಕಿತು.

"ಬೆಳಗ್ಗಿಂದ ಅದೇನೋ ಕೇಳ್ಬೇಕು ಅಂತಿದ್ಯಲ್ಲ ಮಗ, ಈಗ ಕೇಳು. ಎಲ್ರೂ ಕೇಳುಸ್ಕೊಳ್ಳಿ."

ನಿಂಗಿ ಗಂಟಲು ಸರಿಮಾಡಿಕೊಂಡಳು.

"ನಿನ್ ಸೀರೆನೂ ಚಾರ್ಜ್ ಆಗಿರೋದ್ಕೇನಾ ಅಮ್ಮ, ಗಂಗಕ್ಕನ ಕರ್ಚೀಫು ನಿನ್ ಬೆನ್ನಿಗೆ ಅಂಟ್ಕೊಂಡಿರೋದು?"