ಆ ಒಂದು ಸಾಲು ತಿದ್ದಿದ ಕಥೆ

ನನ್ನ ಕೆಲಸದಲ್ಲಿ ನಗು ಬರುವಂಥದ್ದು ದಿನಾ ನಡೆಯುತ್ತದೆ, ನಗುವವರು ಮಾತ್ರ ಬೇರೆಯವರು. ದೊಡ್ಡನೆಕ್ಕುಂದಿಯ ಒಂದು ಕಂಪನಿಯಲ್ಲಿ ನಾನು ಕೈಪಿಡಿ ಬರೆಯುವವನು. ನಮ್ಮವರು ಒಂದು ಸಣ್ಣ ಸಾಫ್ಟ್‌ವೇರ್ ಮಾರುತ್ತಾರೆ. ಆಫೀಸಿನ ಫೈಲುಗಳೆಲ್ಲ ಒಂದೇ ಸರ್ವರ್‌ನಲ್ಲಿರುತ್ತವಲ್ಲ, ಅದರ ಒಂದು ಫೋಲ್ಡರನ್ನು ಇನ್ನೊಂದು ಕಡೆ ಇದ್ದ ಹಾಗೇ ನಕಲು ಮಾಡಿಡುವುದು ಅದರ ಕೆಲಸ. ಎಲ್ಲಿಂದ ಎನ್ನುವುದನ್ನು ಮೊದಲು ಕೊಡಬೇಕು, ಎಲ್ಲಿಗೆ ಎನ್ನುವುದನ್ನು ಆಮೇಲೆ. ನಾನು ಸೇರುವ ಮೊದಲೇ ಯಾರೋ ಪುಣ್ಯಾತ್ಮರು ಕೈಪಿಡಿಯಲ್ಲಿ "ಎಲ್ಲಿಗೆ ಎನ್ನುವುದನ್ನು ಮೊದಲು ಕೊಡಿ" ಎಂದು ಬರೆದಿಟ್ಟಿದ್ದರು. ಹಾಗೆ ಕೊಟ್ಟರೆ ಖಾಲಿ ಫೋಲ್ಡರ್ ಹೋಗಿ ತುಂಬಿದ ಫೋಲ್ಡರಿನ ಮೇಲೆ ಕೂರುತ್ತದೆ. ಎರಡೂ ಖಾಲಿ. ಈ ಒಂದು ಸಾಲು ತಿದ್ದಲು ಹೋಗಿ ನನ್ನ ತಲೆಕೂದಲು ಅರ್ಧ ಉದುರಿತು.

೧. ಪೀಣ್ಯದ ಫೋನು

ತಪ್ಪು ನನಗೆ ಗೊತ್ತಾಗಿದ್ದು ಪೀಣ್ಯದಿಂದ ಬಂದ ಫೋನಿನಲ್ಲಿ. ಅಲ್ಲಿ ಗದಗ ಕಡೆಯ ಮೇಡಂ ಒಬ್ಬರು ಲೋಹದ ಅಚ್ಚು ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಾರೆ. ಅಚ್ಚುಗಳ ಡ್ರಾಯಿಂಗೇ ಅವರ ಜೀವಾಳ. ಅದನ್ನು ಜೋಪಾನ ಮಾಡೋಣ ಎಂದು ನಕಲು ತೆಗೆಯಲು ಹೋಗಿ ಒಂದೂ ಉಳಿಯದ ಹಾಗೆ ಕಳೆದುಕೊಂಡಿದ್ದರು.

ಓಡಿಹೋದೆ. ಕೆಲಸಗಾರರು ಹಳೆಯ ಅಚ್ಚುಗಳನ್ನು ಕಪಾಟಿನಿಂದ ಇಳಿಸಿ, ಒಂದೊಂದನ್ನೂ ಅಳೆದು ಮತ್ತೆ ಡ್ರಾಯಿಂಗ್ ಮಾಡುತ್ತಿದ್ದರು. ಮೇಡಂ ಕೂಗಾಡಿದ್ದರೆ ಚೆನ್ನಾಗಿತ್ತು, ಅವರು ನನಗೆ ಚಹಾ ತರಿಸಿದರು. ನಾಚಿಕೆಯಿಂದ ಸತ್ತೇ ಹೋದೆ. "ನಾನು ಬಂದು ಹೇಳೋವರೆಗೂ ಪುಸ್ತಕದಲ್ಲಿ ಏನಿದೆಯೋ ಅದಕ್ಕೆ ಉಲ್ಟಾ ಮಾಡಿ ಮೇಡಂ" ಎಂದು ಕೈಮುಗಿದೆ. ಇನ್ನೊಮ್ಮೆ ಇವರ ಫೈಲು ಹೋಗಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

ಹೊರಡುವಾಗ, "ಮೊದಲು ಯಾರನ್ನಾದ್ರೂ ಕೇಳ್ಬೇಕಿತ್ತು ಮೇಡಂ" ಎಂದೆ.

"ದಿನಾ ಯಾರನ್ನರ ಕೇಳೇ ಮಾಡ್ತಿದ್ವಿರೀ ಸರ್. ಇದೊಂದ್ ಸಲ ಪುಸ್ತಕಾ ಓದಿ ಮಾಡಿದ್ವಿ."

೨. ಪರಿಶೀಲನೆ

ತಿದ್ದಿದ ಪುಟವನ್ನು ಮರುದಿನವೇ ಪರಿಶೀಲನೆಗೆ ಕಳಿಸಿದೆ. ನಮ್ಮಲ್ಲಿ ಮೂವರು ಒಪ್ಪದೆ ಒಂದು ಅಕ್ಷರವೂ ಅಲುಗಾಡುವುದಿಲ್ಲ. ಮೊದಲನೆಯವರು ಲೋಗೋದ ನೀಲಿ ಬಣ್ಣ ಹಳೆಯದು ಎಂದರು. ಎರಡನೆಯವರು "ದಯವಿಟ್ಟು" ಎಂದು ಸೇರಿಸಿ ಎಂದರು. ಫೈಲು ಅಳಿಸುವುದನ್ನೂ ನಾವು ವಿನಯದಿಂದಲೇ ಮಾಡಿಸಬೇಕು! ಮೂರನೆಯವನು ತಿಂಗಳುಗಟ್ಟಲೆ ಸುಮ್ಮನಿದ್ದ. ಕ್ಯಾಂಟೀನಿನಲ್ಲಿ ಹಿಡಿದೆ.

"ಏನ್ ಬದಲಾಗಿದೆ ಅಂತಾನೇ ಗೊತ್ತಾಗ್ಲಿಲ್ಲ ಗುರು" ಎಂದ.

"ಎರಡು ಪದ ಅದಲುಬದಲು, ಅಷ್ಟೇ."

"ಅಷ್ಟೇನಾ? ಅಷ್ಟಕ್ಕೆಲ್ಲ ಹೊಸ ಪುಸ್ತಕ ಬಿಡಕ್ಕಾಗಲ್ಲ. ಇನ್ನೊಂದಷ್ಟು ತಪ್ಪು ಸೇರ್ಲಿ, ಒಟ್ಟಿಗೆ ನೋಡೋಣ."

೩. ಪ್ರಾತ್ಯಕ್ಷಿಕೆ

ಮ್ಯಾನೇಜರ್ ಬಳಿ ಹೋದೆ. "ಇಷ್ಟ್ ವರ್ಷದಿಂದ ಇರೋ ಪುಸ್ತಕ ತಪ್ಪಿರುತ್ತೇನ್ರೀ?" ಎಂದು ಎಲ್ಲರನ್ನೂ ಮೀಟಿಂಗ್ ರೂಮಿಗೆ ಕರೆದರು. ಗೋಡೆಯ ಪರದೆಯ ಮೇಲೆ ತಮ್ಮ ಫೋಲ್ಡರನ್ನೇ ತೆರೆದು, ಪುಸ್ತಕದಲ್ಲಿದ್ದ ಹಾಗೆ ಬರೆದು, ನಾನು "ಬೇಡ ಸಾರ್" ಎನ್ನುವಷ್ಟರಲ್ಲಿ ಎಂಟರ್ ಒತ್ತಿದರು. ಅವರು ವರ್ಷವಿಡೀ ಮಾಡಿದ್ದ ಪ್ರೆಸೆಂಟೇಷನ್‌ಗಳೆಲ್ಲ ಮಾಯ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನಾದರೂ ತಿದ್ದುತ್ತಾರೆ ಎಂದುಕೊಂಡೆ.

ಅವರು ನಮ್ಮ ಕಡೆ ತಿರುಗಿದರು. "ಜನಕ್ಕೆ ಟ್ರೈನಿಂಗ್ ಸಾಲದು" ಎಂದರು. ಮರುದಿನ ಮೇಲ್ ಬಂತು. ತರಬೇತಿ ಕೊಡುವವನು ನಾನು, ಪಠ್ಯ ಅದೇ ಕೈಪಿಡಿ.

೪. ಜಯ

ಕೊನೆಗೆ ಸಾಫ್ಟ್‌ವೇರಿನ ಹೊಸ ಆವೃತ್ತಿಯ ಜೊತೆಗೆ ನನ್ನ ತಿದ್ದಿದ ಪುಸ್ತಕವೂ ಹೊರಬಿತ್ತು. ಅದು ಎಲ್ಲ ಗಿರಾಕಿಗಳಿಗೂ ಹೋಯಿತು ಎಂದು ತಿಳಿದ ದಿನ ಆಫೀಸಿಗೆಲ್ಲ ಮೈಸೂರುಪಾಕು ತಂದೆ. ಪೀಣ್ಯದ ಮೇಡಂಗೆ ನಾನೇ ಹೋಗಿ ಹೇಳಬೇಕೆಂದು ಒಂದು ಡಬ್ಬಿ ಎತ್ತಿಟ್ಟಿದ್ದೆ.

"ಏನೋ ವಿಶೇಷ?" ಎಂದ, ಸಾಫ್ಟ್‌ವೇರ್ ಬರೆಯುವ ನಮ್ಮ ಹುಡುಗ, ಬಾಯಿ ತುಂಬ ತುಂಬಿಕೊಂಡು.

"ಎಲ್ಲಿಂದ ಅನ್ನೋದನ್ನ ಮೊದಲು ಕೊಡಿ ಅಂತ ಪುಸ್ತಕ ತಿದ್ದಿಸಿದೆ ಕಣೋ!"

ಅವನ ಬಾಯಿ ನಿಂತಿತು. "ಅಯ್ಯೋ ಮಗಾ! ನೀನು ಪುಸ್ತಕ ತಿದ್ದಕ್ಕೆ ಒದ್ದಾಡೋದು ನೋಡಕ್ಕಾಗ್ದೆ, ಈ ಸಲ ಸಾಫ್ಟ್‌ವೇರನ್ನೇ ಹಳೇ ಪುಸ್ತಕದ ಥರ ಬದಲಾಯಿಸ್ಬಿಟ್ಟೆ. ಈಗ ಎಲ್ಲಿಗೆ ಅನ್ನೋದೇ ಮೊದಲು!"

ಅಂದರೆ ನನ್ನ ಹೊಸ ಪುಸ್ತಕ ಮತ್ತೆ ತಪ್ಪು. ತಕ್ಷಣ ಪೀಣ್ಯಕ್ಕೆ ಫೋನು ಮಾಡಿದೆ.

"ಮೇಡಂ, ಹೊಸ ಸಾಫ್ಟ್‌ವೇರ್ ಹಾಕ್ಬೇಡಿ!"

"ಹೋದ ವಾರನ ಹಾಕೀವಲ್ರೀ. ನಕಲೂ ತಗದೀವಿ."

"ಡ್ರಾಯಿಂಗ್?"

"ಎಲ್ಲಾ ಅದಾವ್ರೀ."

"ಪುಸ್ತಕ ನೋಡ್ಲಿಲ್ವಾ?"

"ಹೊಸಾ ಪುಸ್ತಕ ಮುಂದ ಇಟಗೊಂಡ ಮಾಡೀವ್ರೀ. ನೀವ ಹೇಳಿದ್ರಲ್ಲ, ಅದರಾಗ ಏನೈತಿ ಅದಕ್ಕ ಉಲ್ಟಾ ಅಂತ. ಹಂಗ ಮಾಡೀವಿ."

ಹೋದ ಜೀವ ಬಂತು. "ಇವತ್ತೇ ಆ ಸಾಲು ಮತ್ತೆ ತಿದ್ದಿಸ್ತೀನಿ ಮೇಡಂ" ಎಂದೆ.

"ಬ್ಯಾಡ್ರೀ ಸರ್, ನಿಮಗ ಕೈ ಮುಗೀತೀನಿ! ಉಲ್ಟಾ ಮಾಡಾಕ ಹತ್ತಿದ ಮ್ಯಾಲೆ ನಿಮ್ಮ ಪುಸ್ತಕ ಒಂದ್ ಸಲನೂ ನಮಗ ಮೋಸ ಮಾಡಿಲ್ಲ."