ಮುಂಗಲಿ ಮರಿಗೆ ಮಗ್ಗದ ಜೋಗುಳ

ಇಳಕಲ್ಲಿನ ನೇಕಾರ ಹುಲ್ಲಪ್ಪನಿಗೆ ಮಗ್ಗದ ಮೇಲೆ ಸಿಟ್ಟೇನೂ ಇರಲಿಲ್ಲ. ಅದು ತನ್ನ ಪಾಡಿಗೆ ಮನೆಯಲ್ಲಿರಲಿ, ತಾನು ತನ್ನ ಪಾಡಿಗೆ ಚಹಾದಂಗಡಿಯ ಕಟ್ಟಿಗೆ ಬಾಕಿನ ಮೇಲೆ ಕೂತಿರುತ್ತೇನೆ ಎಂಬುದಷ್ಟೇ ಅವನ ಬೇಡಿಕೆ. ಈ ಶಾಂತಿ ಒಪ್ಪಂದಕ್ಕೆ ಹೆಂಡತಿ ರೇಣವ್ವ ಮಾತ್ರ ಒಪ್ಪಿರಲಿಲ್ಲ. ಸಾವಕಾರರ ಮಗಳ ಮದುವೆಗೆ ಕೊಡಬೇಕಾದ ಸೀರೆ ಹದಿನೈದು ದಿನದಿಂದ ಎರಡು ಮೊಳಕ್ಕೇ ನಿಂತಿತ್ತು.

ಹೀಗಿರುವಾಗ ಹುನಗುಂದದಿಂದ ಸೈಕಲ್ ಮೇಲೆ ಬರುತ್ತಿದ್ದ ಹುಲ್ಲಪ್ಪನಿಗೆ, ಲಾರಿಗೆ ಸಿಕ್ಕು ಸತ್ತ ಮುಂಗಲಿಯೂ (ಅಂದರೆ ಮುಂಗುಸಿ), ಪಕ್ಕದ ಕಲ್ಲುಗುಂಪಿಯಲ್ಲಿ ಕಿರಿಚುತ್ತಿದ್ದ ಬದನೆಕಾಯಿ ಗಾತ್ರದ ಅದರ ಮರಿಯೂ ಕಂಡವು. ಅವನ ಕರುಳು ಚುರ್ ಎಂದಿತು. (ಇದು ಖರೆ.) ಮರಿಯನ್ನು ತಲೆಯ ಪಟಕಾದಲ್ಲಿ ಸುತ್ತಿಕೊಂಡು ನಾಲ್ಕು ಮಾರು ಬರುವಷ್ಟರಲ್ಲಿ ಒಂದು ವಿಚಾರವೂ ಹೊಳೆಯಿತು. (ಇದೂ ಖರೆ.) ತಾಯಿಯಿಲ್ಲದ ಮರಿಯನ್ನು ಸಾಕುವವನಿಗೆ ಮಗ್ಗಕ್ಕೆ ಕೂರಲು ಪುರುಸೊತ್ತೆಲ್ಲಿ?

“ಏನ್ರಿ ಅದು?” ಎಂದಳು ರೇಣವ್ವ.

“ಪರದೇಶಿ ಕೂಸು. ದೊಡ್ಡದಾಗೂತನಕ ಜ್ವಾಪಾನ ಮಾಡಿ ಅಡವಿಗೆ ಬಿಡ್ತೇನಿ. ಅಲ್ಲೀತನಕ ನೀ ಮಗ್ಗದ ಮಾತ ತಗೀಬ್ಯಾಡ.”

“ಮಗ್ಗಕ್ಕ ಕೂಡೂದು ತಪ್ಪಸಾಕ ಮುಂಗಲಿ ಹಡಕೊಂಡ ಬಂದ್ರೇನು? ನನ್ನ ಕೋಳಿ ಗತಿ?”

“ಹುಚ್ಚಿ, ಇದಕ್ಕಿನ್ನೂ ಹಲ್ಲ ಬಂದಿಲ್ಲ!”

ಮರಿ ಅವನ ಹೆಬ್ಬೆರಳು ಕಚ್ಚಿ, ಹಲ್ಲು ಬಂದ ಸುದ್ದಿಯನ್ನು ತಾನೇ ತಿಳಿಸಿತು.

ದನದ ದವಾಖಾನೆಯ ಕಂಪೌಂಡರ್ ಜಾಫರಸಾಬ ಮರಿಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಹತ್ತಿ ಬತ್ತಿ ಅದ್ದಿ ಆಡಿನ ಹಾಲ ಕುಡಸು. ಹಗಲೂ ನಿದ್ದಿ ಆಗಬೇಕು, ಇಲ್ಲಂದ್ರ ಉಳಿಯೂದಿಲ್ಲ. ಮತ್ತ ನೋಡು ಹುಲ್ಲಪ್ಪಾ, ಹೆಸರ ಇಡಬ್ಯಾಡ, ಮುದ್ದ ಮಾಡಬ್ಯಾಡ. ಮಂದಿ ರೂಢಿ ಹತ್ತಿದ್ರ ಅಡವ್ಯಾಗ ಬಾಳುವೆ ಮಾಡೂದಿಲ್ಲ.”

ಹಾಲನ್ನೇನೋ ಮರಿ ಕುಡಿಯಿತು. ನಿದ್ದೆ? ರಾತ್ರಿ ತಕರಾರಿಲ್ಲದೆ ಮಲಗುವ ಪ್ರಾಣಿ, ಹೊತ್ತು ಹುಟ್ಟಿದರೆ ಊರಿಗೇ ಕೇಳುವಂತೆ ಕಿರಿಚುತ್ತಿತ್ತು. ಬುಟ್ಟಿಯಲ್ಲಿಟ್ಟರು, ಕೌದಿ ಹೊದಿಸಿದರು. ಎರಡು ದಿನದಲ್ಲಿ ದನಿಯೇ ಬತ್ತತೊಡಗಿತು. ಹುಲ್ಲಪ್ಪನ ಮುಖವೂ ಅದರ ಜೊತೆಗೇ ಬತ್ತಿತು.

“ಹೊತ್ತಿಡೀ ನಿಂತು ಅದರ ಮಾರಿ ನೋಡಿದ್ರೇನ ಬಂತು? ಮಗ್ಗಕ್ಕಾದ್ರೂ ಕೂಡ್ರಿ!” ಎಂದು ರೇಣವ್ವ ರೇಗಿದಳು. ವಾದ ಮಾಡಲು ತ್ರಾಣವಿಲ್ಲದೆ ಅವನು ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನಾಲ್ಕು ಸಲ ಲಾಳಿ ಓಡಿಸಿದ. ಖಟ್, ಖಟ್, ಖಟ್, ಖಟ್.

ಕಿರಿಚಾಟ ನಿಂತಿತು. ಮರಿ ಬುಟ್ಟಿಯಿಂದ ಉರುಳಿ, ತೆವಳಿ, ಕುಣಿಗಿಳಿದು, ಅವನ ಎಡಗಾಲಿನ ಬದಿಗೆ ಸುರುಳಿಯಾಗಿ ನಿದ್ದೆಹೋಯಿತು. ಹುಲ್ಲಪ್ಪ ಉಸಿರು ಬಿಗಿಹಿಡಿದು ಮಗ್ಗ ನಿಲ್ಲಿಸಿದ. ಒಂದು ಕಣ್ಣು ತೆರೆಯಿತು. ಕಿರ್ರ್! ಮತ್ತೆ ಖಟ್ ಖಟ್. ಕಣ್ಣು ಮುಚ್ಚಿತು.

ಮದುವೆಯಾದಾಗಿನಿಂದ ರೇಣವ್ವ ಅಷ್ಟು ಸಂತೋಷಪಟ್ಟಿದ್ದಿಲ್ಲ.

“ಯಾಕ ನಿಂತ್ರಿ? ಕೂಸು ಏಳತೈತಿ.”

“ಒಂದೀಟ ಚಾ ಕುಡದು…”

“ನಾ ಬಾಯಾಗ ಹಾಕ್ತೇನಿ, ನೀವು ಕೈ ನಿಲ್ಲಸಬ್ಯಾಡ್ರಿ.”

ಹಾಗೆಯೇ ಹಾಕಿದಳು ಕೂಡ. ಕೋಳಿಯ ಗತಿ ಕೇಳಿದವಳೇ ಈಗ ಕೋಳಿಯ ಮೊಟ್ಟೆಯನ್ನು ಮರಿಗೆ ನೈವೇದ್ಯ ಮಾಡತೊಡಗಿದಳು. ಮದುವೆ ಸೀರೆ ಎಂಟು ದಿನ ಮೊದಲೇ ಮುಗಿಯಿತು. ಸಾವಕಾರರು ಗಾಬರಿಯಾಗಿ, “ಹುಲ್ಲಪ್ಪಗ ಆರಾಮ ಐತಿಲ್ಲೋ?” ಎಂದು ಕೇಳಿಕಳಿಸಿದರು.

ಮರಿ ಬೆಳೆದಂತೆ ಸಂಜೆಗೊಮ್ಮೆ ಅದನ್ನು ಹೊಲದ ಕಡೆ ಒಯ್ದು ಮಿಡತೆ ಹಿಡಿಯಲು ಬಿಡುವುದೇ ಹುಲ್ಲಪ್ಪನಿಗೆ ಉಳಿದ ಬಿಡುವು. ದಾರಿಯಲ್ಲಿ ಚಹಾದಂಗಡಿ.

“ಏನ್ಲೇ ಹುಲ್ಲಪ್ಪಾ, ಮುಂಗಲಿ ಕೈಯಾಗ ಆಳಾಗಿ ಉಳದೀಯಂತ?” ಎಂದು ಬಾಕಿನ ಮೇಲಿದ್ದವರು ನಕ್ಕರು.

ಮಾನದ ಪ್ರಶ್ನೆ! ಹುಲ್ಲಪ್ಪ ಎದೆ ಸೆಟೆಸಿದ. “ನಿಮಗೇನ ಗೊತ್ತಲೇ? ನನ್ನ ಮಗ್ಗದ ಸಪ್ಪಳಕ್ಕ ಎಂಥಾ ಪರದೇಶಿ ಮರಿನೂ ಬದುಕತೈತಿ. ಬೇಕಾದ್ರ ತಂದ ನೋಡ್ರಿ!”

ಎರಡು ತಿಂಗಳಿಗೆ ಮರಿ ತಾನೇ ಹಲ್ಲಿ, ಓತಿಕ್ಯಾತ ಹಿಡಿಯತೊಡಗಿತು. ಜಾಫರಸಾಬ, “ಇನ್ನ ಬಿಡು” ಎಂದ. ಹುಲ್ಲಪ್ಪ ಅದನ್ನು ಅದೇ ಕಲ್ಲುಗುಂಪಿಗೆ ಒಯ್ದ. ಮರಿ ಹಿಂಗಾಲ ಮೇಲೆ ನಿಂತು ಗಾಳಿ ಮೂಸಿತು. ಹುಲ್ಲಪ್ಪನಿಗೆ ತಡೆಯಲಾಗಲಿಲ್ಲ, ನಾಲಿಗೆಯಲ್ಲೇ ಮೆಲ್ಲಗೆ “ಖಟ್ ಖಟ್” ಎಂದ. ಮರಿ ಒಮ್ಮೆ ತಿರುಗಿ ನೋಡಿತು. ಅಷ್ಟರಲ್ಲಿ ಮಿಡತೆಯೊಂದು ಹಾರಿತು. ಅದರ ಹಿಂದೆ ಮರಿಯೂ ಹೋಯಿತು.

“ಚಲೋತ್ನಂಗ ಬಾಳುವೆ ಮಾಡು, ತಮ್ಮಾ” ಎಂದು ಹುಲ್ಲಪ್ಪ ಪಟಕಾದಿಂದ ಕಣ್ಣೊರೆಸಿಕೊಂಡ. (ಕುಣಿಯೊಳಗೆ ಅವನು ಗುಟ್ಟಾಗಿ ಇಟ್ಟಿದ್ದ ಹೆಸರದು. ಜಾಫರಸಾಬನಿಗೆ ಹೇಳಬೇಡಿ.)

ಅರ್ಧ ದಾರಿಗೆ ಕಣ್ಣು ಆರಿದವು, ಕಾಲು ಹಗುರಾದವು. ನಾಳೆ ಹೊತ್ತು ಹುಟ್ಟುವುದೇ ತಡ, ಚಹಾದಂಗಡಿ!

ಮನೆಯಲ್ಲಿ ರೇಣವ್ವ ನಗುತ್ತ ನಿಂತಿದ್ದಳು. ಅವಳ ನೂಲಿನ ಕಂಡಿಕೆ ಬುಟ್ಟಿಯಲ್ಲಿ ಎರಡು ಅಳಿಲು ಮರಿಗಳು ಚಿಂವ್ ಚಿಂವ್ ಎನ್ನುತ್ತಿದ್ದವು.

“ಮಗ್ಗಲಮನಿ ಬಸಲಿಂಗವ್ವನ ಬೇವಿನ ಟೊಂಗಿ ಕಡದಾಗ ಬಿದ್ದುವಂತ. ತಾಯಿ ಬರಲೇ ಇಲ್ಲಂತ ನಿಮ್ಮ ಕಡೆ ಕಳಿಸ್ಯಾಳು.”

“ನನ್ನ ಕಡೆನ ಯಾಕ?”

“ಚಾದಂಗಡ್ಯಾಗ ನೀವ ಹೇಳೀರಂತಲ್ಲ, ಎಂಥಾ ಮರಿನೂ ಬದುಕತೈತಿ ಅಂತ? ಬಸಲಿಂಗವ್ವನ ಗಂಡ ಅಲ್ಲೇ ಕುಂತಿದ್ದನಂತ.”

ಹುಲ್ಲಪ್ಪ ಬುಟ್ಟಿಯನ್ನೆತ್ತಿಕೊಂಡು ಕುಣಿಗಿಳಿದ, ಅಲ್ಲಿ ಯಾರೂ ಮಲಗಿಲ್ಲದಿದ್ದರೂ ಎಡಗಾಲನ್ನು ಜೋಪಾನವಾಗಿ ಸರಿಸಿಟ್ಟ. ಖಟ್, ಖಟ್.

“ಒಂದೀಟ ಜೋರ ನೇಯ್ರಿ,” ಎಂದಳು ರೇಣವ್ವ ಒಳಗಿನಿಂದ, “ಈ ಸಲ ಎರಡದಾವ.”